ಭೂಕಂಪವೂ ಜನವಸತಿಯೂ

(೧)

ಭೂಮಿಯು ನಡುಗುವ ದೇಶಗಳಲ್ಲಿಯೂ ಬೆಂಕಿಯನ್ನುಗುಳುವ ಪರ್ವತಗಳ ತಪ್ಪಲಿನಲ್ಲಿಯೂ ಮನುಷ್ಯರು ಏತಕ್ಕಾಗಿ ಮನೆಮಾಡಿಕೊಂಡು ಬಾಳುವರೆಂಬ ಪ್ರಶ್ನೆಯು ಹೊಸದಲ್ಲ. ಎಲ್ಲಿಯೋ ದೂರದಲ್ಲಿ ಭೂಕಂಪವಾಯಿತೆಂಬ ವಾರ್ತೆಯು ಬಂದೊಡನೆ ನಮ್ಮ ಜಗಲಿಗಳ ಮೇಲೆಯೂ ಪಾಠಶಾಲೆಗಳಲ್ಲಿಯೂ ಈ ಪ್ರಶ್ನೆಯು ಏಳುವುದು. “ಅಂತಹ ಸ್ಥಳದಲ್ಲಿ ಅವರು ಇರುವುದಾದರೂ ಏಕೆ?” ಎಂದು ಕೇಳಿ, ಸತ್ತವರಿಗಾಗಿ ಮರುಗಿ, ಉಳಿದವರ ಅವಿವೇಕಕ್ಕೆ ತಲೆದೂಗಿ, ನಾವು ನಮ್ಮ ನಮ್ಮ ಕೆಲಸಗಳಿಗೆ ತೆರಳುವೆವು. ಹೀಗೆ ಕೇಳುವವನು ತಾನು ನಿಂತಿರುವ ನೆಲವು ಮಾತ್ರ ಕದಲದೆಂದು ನಂಬಿರುವನೆಂಬುದು ಆ ಪ್ರಶ್ನೆಯ ಒಳಗೇ ಅಡಗಿದೆ. ಅಮರಸಿಂಹನು ಭೂಮಿಗೆ ಹೇಳಿರುವ ಪರ್ಯಾಯ ನಾಮಗಳಲ್ಲಿ ‘ಅಚಲಾ’ ಎಂಬುದೂ ‘ಸ್ಥಿರಾ’ ಎಂಬುದೂ ಇರುವುವಷ್ಟೆ. ಬಾಲ್ಯದಲ್ಲಿ ಈ ಹೆಸರುಗಳನ್ನು ಬಾಯಿಪಾಠ ಮಾಡಿದ ನಮಗೆ ಭೂಮಿಯು ಸ್ಥಿರವೆಂಬ ಭಾವನೆಯು ಸಹಜವಾಗಿಯೇ ಬೇರೂರಿರುವುದು.

ಈ ಭಾವನೆಯು ನಮ್ಮ ಕನ್ನಡನಾಡಿನ ವಿಷಯದಲ್ಲಿ ಎಷ್ಟರಮಟ್ಟಿಗೆ ನಿಲ್ಲುವುದು, ಜನರು ನೆಲವನ್ನು ಆರಿಸಿಕೊಳ್ಳುವಾಗ ಯಾವುದನ್ನು ನೋಡುವರು, ನಮ್ಮ ಪೂರ್ವಿಕರ ಶಾಸ್ತ್ರಗಳು ಈ ಎರಡು ವಿಷಯಗಳನ್ನು ಹೇಗೆ ಎಣಿಸಿದುವು ಎಂಬುದನ್ನು ವಿಚಾರಮಾಡುವುದೇ ಈ ಪ್ರಬಂಧದ ಉದ್ದೇಶವು. ವಿಚಾರಕ್ಕೆ ನಿಮಿತ್ತವಾಗಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯನ್ನು, ಅದರಲ್ಲಿಯೂ ಇಂದು ಕಾರ್ಖಾನೆಗಳಿಂದ ತುಂಬಿರುವ ಹಾರೋಹಳ್ಳಿಯನ್ನು ಹಿಡಿದಿದ್ದೇನೆ. ಭೂಕಂಪದ ಮಾತಿಗೂ ಹಾರೋಹಳ್ಳಿಗೂ ಏನು ಸಂಬಂಧವೆಂದು ವಾಚಕರು ಶಂಕಿಸಬಹುದು. ಸಂಬಂಧವುಂಟೆಂಬುದನ್ನು ಮುಂದೆ ತೋರಿಸುವೆನು.

(೨)

ಕ್ರಿ. ಶ. ೨೦೦೧ನೆಯ ಜನವರಿ ೨೬ರಂದು ಕಚ್ಛದೇಶದಲ್ಲಿ ಘೋರವಾದ ಭೂಕಂಪವಾಗಿ ಸಹಸ್ರಾರು ಜನರು ಮಡಿದರು. ಅದಾದ ಮೂರನೆಯ ದಿನ, ಎಂದರೆ ಜನವರಿ ೨೯ರ ಬೆಳಗ್ಗೆ, ಕನಕಪುರ ಹಾರೋಹಳ್ಳಿಗಳ ಕಡೆ ನೆಲವು ಕ್ಷಣಕಾಲ ನಡುಗಿತು. ಅದರ ಪ್ರಮಾಣವು ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಅದು ಜನರ ಅನುಭವಕ್ಕೆ ಬಂದಿತು. ನಾನು ಆಗ ಆ ಪ್ರಾಂತದ ಒಂದು ಹಳ್ಳಿಯಲ್ಲಿ ಬಂಧುಗಳ ಮನೆಯಲ್ಲಿದ್ದೆನು. ಗೂಡಿನಲ್ಲಿದ್ದ ತಾಮ್ರದ ತಂಬಿಗೆಗಳು ಒಂದಕ್ಕೊಂದು ತಾಗಿ ಸದ್ದುಮಾಡಿದುವು. ಕಟ್ಟಿಹಾಕಿದ್ದ ಹಸುವು ಹಗ್ಗವನ್ನು ಜಗ್ಗಿತು. ನಾವೆಲ್ಲರೂ ಬೀದಿಗೆ ಬಂದೆವು. ಕಚ್ಛದ ಸುದ್ದಿಯನ್ನು ಎರಡು ದಿನಗಳಿಂದ ಕೇಳುತ್ತಿದ್ದವರಾದುದರಿಂದ ಎಲ್ಲರ ಮುಖದಲ್ಲಿಯೂ ಭಯವು ತೋರುತ್ತಿದ್ದಿತು. ಎದುರು ಮನೆಯ ವೃದ್ಧೆಯೊಬ್ಬಳು ಮಾತ್ರ ಸ್ವಲ್ಪ ಹೊತ್ತಿನಲ್ಲಿಯೇ ಒಳಕ್ಕೆ ಹೊರಟಳು. “ಇನ್ನೂ ಸ್ವಲ್ಪ ಹೊತ್ತು ಹೊರಗಿರಮ್ಮ, ಮತ್ತೆ ನಡುಗೀತು” ಎಂದು ನಾನು ತಡೆದೆನು. ಅದಕ್ಕೆ ಆಕೆಯು, “ಎಲ್ಲಿಗೋಗಾನ ಅಯ್ನೋರೆ? ದನ ಇಲ್ಲೇ ಅವೆ, ಬಾವಿ ಇಲ್ಲೇ ಅದೆ” ಎಂದು ಹೇಳಿ ಒಳಗೆ ಹೋದಳು.

ಆ ಮಾತನ್ನು ನಾನು ಆಗ ಅಷ್ಟಾಗಿ ಗಮನಿಸಲಿಲ್ಲ. ಆದರೆ ಆ ಸೀಮೆಯ ನೆಲದ ಚರಿತ್ರೆಯನ್ನು ಭೂವಿಜ್ಞಾನಿಗಳ ಬರವಣಿಗೆಗಳಿಂದ ತಿಳಿದುಕೊಂಡ ಮೇಲೆ, ಈ ಪ್ರಬಂಧದ ಪ್ರಶ್ನೆಗೆ ಉತ್ತರವು ಬಹುಮಟ್ಟಿಗೆ ಆ ಎರಡು ಮಾತುಗಳಲ್ಲಿಯೇ ಇದ್ದಿತೆಂದು ನನಗೆ ತೋರಿತು.

ರಾಮದೇವರ ಬೆಟ್ಟವನ್ನೂ ಸಾವನದುರ್ಗವನ್ನೂ ಕಂಡವರಿಗೆ ಈ ಸೀಮೆಯು ಬಂಡೆಯ ದೇಶವೆಂದು ಹೇಳಬೇಕಾಗಿಲ್ಲ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿದ್ದಿತು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಸರ್ ಬ್ಯಾರಿ ಕ್ಲೋಸ್ ಎಂಬವರ ಹೆಸರನ್ನು ಅದು ಹೊತ್ತಿತ್ತು. ಊರಿನ ಹೆಸರು ಬದಲಾಯಿತು. ಆದರೆ ಭೂವಿಜ್ಞಾನಿಗಳು ಇಲ್ಲಿಯ ಕಲ್ಲಿಗೆ ಇಟ್ಟ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂಬ ಹೆಸರು ಇಂದಿಗೂ ಉಳಿದಿದೆ. ದಕ್ಷಿಣೋತ್ತರವಾಗಿ ಸುಮಾರು ನಾನೂರು ಕಿಲೋಮೀಟರುಗಳಷ್ಟು ಉದ್ದಕ್ಕೆ ಹಬ್ಬಿರುವ ಈ ಕಲ್ಲು ಭೂಗರ್ಭದಲ್ಲಿ ಕರಗಿದ್ದ ದ್ರವವು ಆರಿ ಗಟ್ಟಿಯಾದುದರಿಂದ ಉಂಟಾದುದು. ಅದರ ವಯಸ್ಸು ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳೆಂದು ಗಣಿಸಿರುವರು. ಅನಂತರ ಸುಮಾರು ನೂರಿಪ್ಪತ್ತು ಕೋಟಿ ವರ್ಷಗಳ ಹಿಂದೆ ಹಾರೋಹಳ್ಳಿಯ ಸುತ್ತಣ ನೆಲದ ಬಿರುಕುಗಳಲ್ಲಿ ಮತ್ತೊಮ್ಮೆ ಕಲ್ಲಿನ ದ್ರವವು ಮೇಲಕ್ಕೆ ನುಗ್ಗಿ, ಗೋಡೆಗಳಂತೆ ಹೆಪ್ಪುಗಟ್ಟಿತು. ಭೂವಿಜ್ಞಾನದ ಗ್ರಂಥಗಳಲ್ಲಿ ಇವುಗಳಿಗೆ ಹಾರೋಹಳ್ಳಿಯ ಹೆಸರೇ ಇದೆ. ಆ ಅಗ್ನಿಯು ಎಂದೋ ಆರಿಹೋಯಿತು. ಇಂದು ಇಲ್ಲಿ ಜ್ವಾಲಾಮುಖಿಯ ಭಯವು ಲೇಶವೂ ಇಲ್ಲ. ಆದರೆ ಬಿರುಕುಗಳು ಉಳಿದಿವೆ.

ಈ ಬಿರುಕುಗಳ ವಿಷಯದಲ್ಲಿ ಎರಡು ವಿಧದ ಜನರಿಗೆ ಆಸಕ್ತಿಯುಂಟು. ಮೊದಲನೆಯವರು ಭೂಕಂಪವನ್ನು ಕುರಿತು ಶೋಧಿಸುವವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಈ ಶತಮಾನದ ಮೊದಲನೆಯ ದಶಕದಲ್ಲಿ ಬೆಂಗಳೂರಿಗೆ ಯಾವ ಕಡೆಯಿಂದ ಕಂಪದ ಭಯವು ಹೆಚ್ಚೆಂದು ಲೆಕ್ಕಹಾಕಿದಾಗ, ಮಂಡ್ಯ, ಚನ್ನಪಟ್ಟಣ, ಬೆಂಗಳೂರುಗಳನ್ನು ಹಾಯ್ದುಹೋಗುವ ಒಂದು ರೇಖೆಯನ್ನು ಮುಖ್ಯವೆಂದು ಹೇಳಿ, ಅಲ್ಲಿ ಸಂಭವಿಸಬಹುದಾದ ಕಂಪದ ಪ್ರಮಾಣವನ್ನು ೫.೧ ಎಂದು ಎಣಿಸಿದರು. ಎರಡನೆಯವರು ನೀರನ್ನು ಹುಡುಕುವವರು. ಗಟ್ಟಿಯಾದ ಬಂಡೆಯಲ್ಲಿ ನೀರು ನಿಲ್ಲುವುದಿಲ್ಲ. ಬಂಡೆಯು ಸೀಳಿ ಒಡೆದಿರುವಲ್ಲಿ ಮಾತ್ರ ಮಳೆಯ ನೀರು ಇಳಿದು ಸೇರುವುದು. ಆದುದರಿಂದ ಈ ಸೀಮೆಯಲ್ಲಿ ಬಾವಿಯನ್ನು ತೋಡುವವರೂ ಕೊಳವೆಬಾವಿಯನ್ನು ಕೊರೆಯುವವರೂ ಹುಡುಕುವುದು ಬಿರುಕನ್ನೇ. ಎಲ್ಲ ಬಿರುಕುಗಳೂ ಕಂಪಕ್ಕೆ ಕಾರಣವಾಗುವುದಿಲ್ಲವೆಂಬುದು ನಿಜ. ಆದರೂ ಒಬ್ಬನು ಭಯದಿಂದಲೂ ಇನ್ನೊಬ್ಬನು ಆಶೆಯಿಂದಲೂ ಗೆರೆಯೆಳೆಯುವಾಗ ಆ ಗೆರೆಗಳು ಅನೇಕವೇಳೆ ಒಂದರ ಮೇಲೊಂದು ಬೀಳುವುವು. “ಬಾವಿ ಇಲ್ಲೇ ಅದೆ” ಎಂದ ವೃದ್ಧೆಯು ತನಗೆ ತಿಳಿಯದೆಯೇ ಈ ತತ್ತ್ವವನ್ನು ಹೇಳಿದಳು. ಮನುಷ್ಯನು ಅಪಾಯವನ್ನು ಆರಿಸಿಕೊಳ್ಳುವುದಿಲ್ಲ. ನೀರನ್ನು, ಮಣ್ಣನ್ನು, ಕೆಲಸವನ್ನು ಆರಿಸಿಕೊಳ್ಳುವನು. ಅಪಾಯವು ಅವುಗಳ ಜೊತೆಯಲ್ಲಿ ಹೇಳದೆ ಕೇಳದೆ ಬಂದಿರುವುದು.

(೩)

ಇನ್ನು ನಮ್ಮ ಪ್ರಾಚೀನರು ಈ ವಿಷಯವನ್ನು ಹೇಗೆ ಕಂಡರೆಂಬುದನ್ನು ನೋಡೋಣ. ಭೂಕಂಪವನ್ನು ಅವರು ಅರಿಯದವರಲ್ಲ. ಕ್ರಿ. ಶ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಭೂಕಂಪಲಕ್ಷಣಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಾಗಿಟ್ಟಿರುವನು. ಪ್ರಸಿದ್ಧವಾದ ಮುದ್ರಣಗಳಲ್ಲಿ ಅದು ೩೨ನೆಯ ಅಧ್ಯಾಯವು. ನೀರಿನಲ್ಲಿ ವಾಸಿಸುವ ಮಹಾಪ್ರಾಣಿಗಳ ಚಲನೆಯಿಂದ ಕಂಪವೆಂದು ಕೆಲವರು. ಭೂಭಾರದಿಂದ ಬಳಲಿದ ದಿಗ್ಗಜಗಳ ನಿಟ್ಟುಸಿರಿನಿಂದ ಎಂದು ಕೆಲವರು. ಗಾಳಿಯು ಗಾಳಿಗೆ ತಾಗಿ ನೆಲಕ್ಕೆ ಬೀಳುವುದರಿಂದ ಎಂದು ಬೇರೆಯವರು. ಅದೃಷ್ಟವೇ ಕಾರಣವೆಂದು ಮತ್ತೊಬ್ಬರು. ಹೀಗೆ ನಾನಾ ಮತಗಳನ್ನು ಅವನು ಮೊದಲು ಸಂಗ್ರಹಿಸುವನು. ಅನಂತರ ವಾಯು, ಅಗ್ನಿ, ಇಂದ್ರ, ವರುಣರೆಂಬ ನಾಲ್ವರ ಮಂಡಲಗಳಾಗಿ ನಕ್ಷತ್ರಗಳನ್ನು ಹಂಚಿ, ಯಾವ ಮಂಡಲದಲ್ಲಿ ಕಂಪವಾದರೆ ಯಾವ ದೇಶಕ್ಕೂ ಯಾವ ಜನಕ್ಕೂ ಏನು ಫಲವೆಂಬುದನ್ನು ವಿವರಿಸುವನು. ಕ್ರಿ. ಶ. ೧೧೬೮ರಲ್ಲಿ ವಂಗದೇಶದ ಬಲ್ಲಾಲಸೇನನು ಆರಂಭಿಸಿದ ಅದ್ಭುತಸಾಗರವೂ ಇದೇ ಮಾರ್ಗವನ್ನು ಅನುಸರಿಸಿದೆ. ನಮ್ಮ ಕನ್ನಡದಲ್ಲಿಯೂ ಈ ವಿಷಯವು ಇಲ್ಲದೆ ಇಲ್ಲ. ಸು. ೧೩೦೦ರ ರಟ್ಟಕವಿಯು ತನ್ನ ರಟ್ಟಮತದಲ್ಲಿ ಮಳೆ, ಮಿಂಚು, ಭೂಕಂಪ ಮೊದಲಾದ ನೈಸರ್ಗಿಕ ವಿಷಯಗಳನ್ನೂ ಶಕುನಗಳನ್ನೂ ಒಟ್ಟಿಗೆ ನಿರೂಪಿಸಿರುವನು.

ನೆಲವನ್ನು ಆರಿಸುವ ಶಾಸ್ತ್ರವೂ ಅದೇ ಬೃಹತ್ಸಂಹಿತೆಯಲ್ಲಿದೆ. ೫೩ನೆಯ ಅಧ್ಯಾಯವು ವಾಸ್ತುವಿದ್ಯೆಯನ್ನೂ, ೫೪ನೆಯದು ದಕಾರ್ಗಳವೆಂಬ ಅಂತರ್ಜಲವಿದ್ಯೆಯನ್ನೂ ಹೇಳುವುವು. ಮನೆ ಕಟ್ಟುವ ನೆಲದ ಬಣ್ಣ, ವಾಸನೆ, ರುಚಿಗಳನ್ನು ನೋಡಬೇಕು. ಒಂದು ಕೈಯಳತೆಯ ಗುಳಿಯನ್ನು ತೋಡಿ, ತೆಗೆದ ಮಣ್ಣಿನಿಂದಲೇ ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ಉತ್ತಮ, ಸಮವಾದರೆ ಮಧ್ಯಮ, ಸಾಲದಾದರೆ ಅಧಮ. ಈ ಪರೀಕ್ಷೆಯನ್ನು ಇಂದಿಗೂ ಹಳ್ಳಿಗಳಲ್ಲಿ ಬಲ್ಲವರುಂಟು. ನೀರಿನ ವಿಷಯದಲ್ಲಂತೂ ಯಾವ ಮರದ ಯಾವ ದಿಕ್ಕಿನಲ್ಲಿ ಎಷ್ಟು ಆಳಕ್ಕೆ ಸೆಲೆಯು ಸಿಕ್ಕುವುದೆಂಬುದರ ವರೆಗೆ ವಿವರವಿದೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವು ವಾಸ್ತು, ಜಲಶೋಧನ ಮೊದಲಾದ ಈ ವಿದ್ಯೆಗಳನ್ನು ಕನ್ನಡದ ಗೃಹಸ್ಥನಿಗೆ ತಿಳಿಯುವಂತೆ ಹೇಳಿತು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದುಂಟು. ಒಂದೇ ಗ್ರಂಥದಲ್ಲಿ ಇದ್ದರೂ ಈ ಅಧ್ಯಾಯಗಳು ಒಂದನ್ನೊಂದು ಮಾತನಾಡಿಸುವುದಿಲ್ಲ. ಭೂಕಂಪವು ಉತ್ಪಾತಗಳ ಸಾಲಿನಲ್ಲಿ ಸೇರಿ, ಮುಂದೆ ಬರುವ ಫಲವನ್ನು ಸೂಚಿಸುವ ನಿಮಿತ್ತವಾಯಿತು. ವಾಸ್ತುವು ಮಣ್ಣು ನೀರುಗಳ ಪರೀಕ್ಷೆಯಾಯಿತು. ಯಾವ ನೆಲವು ಹೆಚ್ಚಾಗಿ ನಡುಗುವುದು, ಅಲ್ಲಿ ಮನೆಯನ್ನು ಹೇಗೆ ಕಟ್ಟಬೇಕು ಎಂಬ ಪ್ರಶ್ನೆಯು ಎರಡು ಅಧ್ಯಾಯಗಳ ನಡುವೆ ಬಿದ್ದುಹೋಯಿತು. ಕೌಟಲ್ಯನ ಅರ್ಥಶಾಸ್ತ್ರವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುವುದು. ಶ್ರೀಮಾನ್ ಆರ್. ಶಾಮಶಾಸ್ತ್ರಿಗಳವರು ಮೈಸೂರಿನ ಪ್ರಾಚ್ಯಗ್ರಂಥಾಲಯದಿಂದ ೧೯೦೯ರಲ್ಲಿ ಬೆಳಕಿಗೆ ತಂದ ಆ ಮಹಾಗ್ರಂಥದ ನಾಲ್ಕನೆಯ ಅಧಿಕರಣದಲ್ಲಿ ದೈವಿಕವಾದ ಎಂಟು ಮಹಾಭಯಗಳ ಎಣಿಕೆಯಿದೆ: ಬೆಂಕಿ, ನೀರು, ರೋಗ, ದುರ್ಭಿಕ್ಷ, ಇಲಿ, ಕ್ರೂರಮೃಗ, ಸರ್ಪ, ರಾಕ್ಷಸರು. ಇಲಿಗಳ ಕಾಟಕ್ಕೂ ಸ್ಥಾನವಿರುವ ಈ ಪಟ್ಟಿಯಲ್ಲಿ ಭೂಕಂಪವು ಇಲ್ಲ.

ಇದು ಆಚಾರ್ಯನ ಮರೆವೆಂದು ನಾನು ಭಾವಿಸುವುದಿಲ್ಲ. ರಾಜ್ಯವನ್ನಾಳುವವನು ವರ್ಷವರ್ಷವೂ ಬರುವ ಭಯಕ್ಕೆ ಏರ್ಪಾಡುಮಾಡುವನು. ಇಲಿಯು ಪ್ರತಿ ಸುಗ್ಗಿಗೂ ಬರುವುದು. ಬೆಂಕಿಯು ಪ್ರತಿ ಬೇಸಗೆಯಲ್ಲಿಯೂ ಬೀಳುವುದು. ಒಂದೇ ಊರಿನಲ್ಲಿ ಮಹಾಕಂಪವು ಎರಡು ಸಲ ಆಗಬೇಕಾದರೆ ಶತಮಾನಗಳು, ಕೆಲವೆಡೆ ಸಹಸ್ರಾರು ವರ್ಷಗಳು ಕಳೆಯಬೇಕು. ತಾತನಿಂದ ಮೊಮ್ಮಗನಿಗೆ ಇಳಿಯುವ ಸ್ಮರಣೆಯು ನೂರು ವರ್ಷಗಳನ್ನು ದಾಟುವುದು ಅಪೂರ್ವ. ಭಯದ ಆವರ್ತವು ಸ್ಮರಣೆಯ ಅಳತೆಗಿಂತ ಉದ್ದವಾದಾಗ ಜನರು ಆ ಭಯವನ್ನು ಧಿಕ್ಕರಿಸಿ ಅಲ್ಲಿ ನೆಲೆಸಿದರೆನ್ನುವುದು ತಪ್ಪು. ಅವರು ಅದನ್ನು ಅರಿಯದೆಯೇ ನೆಲೆಸಿದರೆನ್ನಬೇಕು.

(೪)

ಈ ಮಾತಿಗೆ ನಿದರ್ಶನವನ್ನು ಹುಡುಕಲು ನಾವು ನಮ್ಮ ನಾಡಿನ ಉತ್ತರದ ಗಡಿಗೆ ಹೋಗಬೇಕು. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳ ಸೀಮೆಯಲ್ಲಿ ಹಬ್ಬಿರುವ ಎರೆಯ ಮಣ್ಣು ಜ್ವಾಲಾಮುಖಿಯ ಕೊಡುಗೆಯೆಂಬುದನ್ನು ಬಹುಜನರು ನೆನೆಯುವುದಿಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿಬಂದ ಕಲ್ಲಿನ ದ್ರವವು ಪದರಪದರವಾಗಿ ಹರಡಿ ದಖನ್ನಿನ ಕರಿಯ ಕಲ್ಲಾಯಿತು. ಇಂದಿಗೂ ಉಳಿದಿರುವ ಅದರ ವಿಸ್ತಾರವು ಸುಮಾರು ಐದು ಲಕ್ಷ ಚದರ ಕಿಲೋಮೀಟರು. ಆ ಕಲ್ಲು ಸವೆದು ಎರೆಯಾಯಿತು. ಮಳೆಯ ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವ ಈ ಮಣ್ಣಿನಲ್ಲಿ ಹಿಂಗಾರಿನ ಜೋಳವು ಇಬ್ಬನಿಯ ತಂಪಿನಲ್ಲಿಯೇ ಬೆಳೆಯುವುದು. ಚಾಲುಕ್ಯರ ಕಲ್ಯಾಣವು ನಿಂತಿದ್ದುದು ಈ ಸೀಮೆಯಲ್ಲಿಯೇ. ಮಾನಸೋಲ್ಲಾಸದ ಕರ್ತೃವಾದ ಸೋಮೇಶ್ವರನು ಆಳಿದುದೂ ಅಲ್ಲಿಂದಲೇ.

ಕಲ್ಯಾಣದಿಂದ ಸುಮಾರು ಐವತ್ತು ಕಿಲೋಮೀಟರಿನೊಳಗೆ, ಮಾಂಜರಾ ನದಿಯನ್ನು ಸೇರುವ ತೇರಣಾ ಹೊಳೆಯ ಕಣಿವೆಯಲ್ಲಿ, ಇಂದಿನ ಮಹಾರಾಷ್ಟ್ರದ ಲಾತೂರು ಜಿಲ್ಲೆಗೆ ಸೇರಿದ ಕಿಲ್ಲಾರಿಯೆಂಬ ಊರಿದೆ. ಈ ಕಣಿವೆಯು ಹೊಸದಾಗಿ ಜನರು ಬಂದು ನೆಲೆಸಿದ ಸ್ಥಳವಲ್ಲ. ಇದೇ ಹೊಳೆಯ ಮೇಲಿನ ತೇರ್ ಎಂಬ ಊರು ಪ್ರಾಚೀನವಾದ ತಗರವೆಂಬುದನ್ನು ಸಂಶೋಧಕರು ಒಪ್ಪಿರುವರು. ಕ್ರಿಸ್ತಶಕದ ಮೊದಲನೆಯ ಶತಮಾನದ ಗ್ರೀಕ್ ನಾವಿಕನ ಗ್ರಂಥವು ತಗರವನ್ನು ದೊಡ್ಡ ವ್ಯಾಪಾರದ ಪಟ್ಟಣವೆಂದು ಹೆಸರಿಸುವುದು. ಶಿಲಾಹಾರರು ತಗರಪುರವರಾಧೀಶ್ವರರೆಂದು ತಮ್ಮ ಶಾಸನಗಳಲ್ಲಿ ಹೇಳಿಕೊಂಡುದನ್ನು ವಾಚಕರೆಲ್ಲರೂ ಬಲ್ಲರು. ಎರಡು ಸಹಸ್ರ ವರ್ಷಗಳ ಕಾಲ ಜನರು ಈ ಕಣಿವೆಯಲ್ಲಿ ಉತ್ತು ಬಿತ್ತಿ, ವ್ಯಾಪಾರಮಾಡಿ, ದೇವಾಲಯಗಳನ್ನು ಕಟ್ಟಿ ಬಾಳಿದರು. ನೆಲದ ಆಯ್ಕೆಯನ್ನು ಪರೀಕ್ಷಿಸಲು ಇದಕ್ಕಿಂತ ದೀರ್ಘವಾದ ಪರೀಕ್ಷೆಯು ಬೇರೊಂದುಂಟೆ?

ಕ್ರಿ. ಶ. ೧೯೯೩ನೆಯ ಸೆಪ್ಟೆಂಬರ್ ೩೦ರ ಬೆಳಗಿನ ಜಾವ, ನಾಲ್ಕು ಗಂಟೆಯು ಹೊಡೆಯುವುದಕ್ಕೆ ಮೊದಲು, ಈ ಕಣಿವೆಯು ನಡುಗಿತು. ಕಂಪದ ಪ್ರಮಾಣವು ೬.೨. ಹಿಂದಿನ ರಾತ್ರಿ ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನರು ಗಾಢವಾಗಿ ಮಲಗಿದ್ದರು. ಸುಮಾರು ಹತ್ತು ಸಾವಿರ ಜನರು ಮಡಿದರು. ಆ ಕಾಲದ ಭಾರತದ ಭೂಕಂಪ ನಕ್ಷೆಯಲ್ಲಿ ಈ ಪ್ರಾಂತವು ಒಂದನೆಯ ವಲಯದಲ್ಲಿದ್ದಿತು. ಎಂದರೆ ಎಲ್ಲಕ್ಕಿಂತ ನಿರ್ಭಯವೆಂದು ಎಣಿಸಿದ ವಲಯದಲ್ಲಿ. ಹಳ್ಳಿಯ ರೈತನಿಗೆ ಮಾತ್ರವಲ್ಲದೆ ನಕ್ಷೆಯನ್ನು ಬರೆದ ಪಂಡಿತರಿಗೂ ಈ ಭಯವು ತಿಳಿದಿರಲಿಲ್ಲವೆಂಬುದು ಇದರಿಂದ ವ್ಯಕ್ತವಾಗುವುದು. ೨೦೦೨ರ ಪರಿಷ್ಕರಣದಲ್ಲಿ ಆ ಒಂದನೆಯ ವಲಯವನ್ನೇ ತೆಗೆದುಹಾಕಿದರು.

ಸೂಚನೆಯೇ ಇರಲಿಲ್ಲವೆಂದು ಹೇಳಲಾಗದು. ಹಿಂದಿನ ವರ್ಷ, ೧೯೯೨ರಲ್ಲಿ, ಕಿಲ್ಲಾರಿಯಲ್ಲಿ ಅನೇಕ ಸಣ್ಣ ಕಂಪಗಳಾಗಿದ್ದುವು. ಜನರು ಹೆದರಿ ಹೊರಗೆ ಮಲಗಿದ್ದುದೂ ಉಂಟು. ಆದರೆ ಮಳೆ ಬಂದಿತು, ಬಿತ್ತನೆಯ ಕಾಲ ಬಂದಿತು, ಹಬ್ಬ ಬಂದಿತು. ನೆಲವು ನಡುಗಿದರೂ ಹೊಲವು ಅಲ್ಲಿಯೇ ಇದ್ದಿತು. ಎರೆಯ ಹೊಲವನ್ನು ಹೊತ್ತುಕೊಂಡು ಯಾರು ಎಲ್ಲಿಗೆ ಹೋಗಬಲ್ಲರು?

ಸತ್ತವರು ಸತ್ತುದು ಹೇಗೆಂಬುದನ್ನು ವಿಚಾರಿಸಬೇಕು. ಬಿರುಕಿನೊಳಗೆ ಬಿದ್ದು ಸತ್ತವರಿಲ್ಲ. ತಮ್ಮ ಮನೆಯ ಗೋಡೆಯ ಕಲ್ಲುಗಳೂ ಮಾಳಿಗೆಯ ಮಣ್ಣೂ ಮೇಲೆ ಬಿದ್ದು ಸತ್ತರು. ಆ ಸೀಮೆಯ ಮನೆಗಳ ಗೋಡೆಗಳು ಬಲು ದಪ್ಪ. ಒಳಮುಖ ಹೊರಮುಖಗಳೆರಡನ್ನೂ ಕಲ್ಲಿನಿಂದ ಕಟ್ಟಿ, ನಡುವೆ ಚೂರುಕಲ್ಲನ್ನೂ ಮಣ್ಣನ್ನೂ ತುಂಬಿದ ಗೋಡೆಗಳವು. ಎರಡು ಮುಖಗಳನ್ನೂ ಹಿಡಿದು ನಿಲ್ಲುವ ಉದ್ದಗಲ್ಲುಗಳು ಅವುಗಳಲ್ಲಿ ಇರಲಿಲ್ಲ. ತೊಲೆ ಜಂತೆಗಳ ಮೇಲೆ ಬಿಸಿಲನ್ನು ತಡೆಯುವುದಕ್ಕಾಗಿ ಹಲವು ಗೇಣು ಮಣ್ಣನ್ನು ಹೇರಿದ್ದರು. ಬೇಸಗೆಯ ಉರಿಗೂ ಚಳಿಗಾಲದ ಶೀತಕ್ಕೂ ಇಂತಹ ಮನೆಯು ಅತ್ಯುತ್ತಮವಾದುದು. ವರ್ಷವರ್ಷವೂ ಬರುವ ಬಿಸಿಲಿಗೆ ಕಟ್ಟಿದ ಮನೆಯು ಸಹಸ್ರವರ್ಷಕ್ಕೊಮ್ಮೆ ಬರುವ ಕಂಪಕ್ಕೆ ಶವಪೆಟ್ಟಿಗೆಯಾಯಿತು. ಕೆಲವು ಮನೆಗಳಲ್ಲಿ ಗೋಡೆಗಳು ಉರುಳಿದರೂ ಮರದ ಕಂಬಗಳು ಮಾಳಿಗೆಯನ್ನು ಹೊತ್ತು ನಿಂತೇ ಇದ್ದುವೆಂಬುದನ್ನು ಪರೀಕ್ಷಕರು ಕಂಡರು.

ಆಮೇಲೆ ಸರ್ಕಾರವು ಐವತ್ತೆರಡು ಗ್ರಾಮಗಳನ್ನು ಹೊಸ ನಿವೇಶನಗಳಿಗೆ ಸಾಗಿಸಿ, ಕಂಪವನ್ನು ತಡೆಯಬಲ್ಲ ಮನೆಗಳನ್ನು ಕಟ್ಟಿಸಿಕೊಟ್ಟಿತು. ಆದರೆ ಹೊಸ ಊರುಗಳೂ ಅದೇ ಕಣಿವೆಯಲ್ಲಿ, ಹಳೆಯ ಹೊಲಗಳಿಗೆ ಹೋಗಿಬರಲು ಅನುಕೂಲವಾಗುವಷ್ಟು ದೂರದಲ್ಲಿಯೇ ನಿಂತುವು. ಅಷ್ಟು ಮರಣಗಳಾದ ಮೇಲೆಯೂ ಜನರು ಎರೆಯ ನೆಲವನ್ನು ಬಿಟ್ಟುಹೋಗಲಿಲ್ಲ. ಬದಲಾದುದು ಮನೆ, ನಾಡಲ್ಲ.

(೫)

ಇದು ದಖನ್ನಿನ ಜನರಿಗೆ ಮಾತ್ರ ವಿಶೇಷವಾದ ಗುಣವಲ್ಲ. ಸಂಸ್ಕೃತದ ಪ್ರಭಾವವು ಗಾಢವಾಗಿ ಹರಡಿದ ಯವದ್ವೀಪವನ್ನು ನೋಡಬಹುದು. ಅಲ್ಲಿ ಮೆರಾಪಿಯೆಂಬ ಅಗ್ನಿಪರ್ವತವು ಇಂದಿಗೂ ಜೀವಂತವಾಗಿದೆ. ಅದರ ಬೂದಿಯಿಂದ ಕೊಬ್ಬಿದ ಮಣ್ಣಿನಲ್ಲಿಯೇ ಬತ್ತದ ಗದ್ದೆಗಳೂ, ಆ ಗದ್ದೆಗಳ ಫಲದಿಂದಲೇ ಒಂಬತ್ತನೆಯ ಶತಮಾನದ ದೊಡ್ಡ ದೇವಾಲಯಗಳೂ ಎದ್ದುವು. ಸಂಬಿಸಾರಿಯೆಂಬಲ್ಲಿ ಆ ಕಾಲದ ಶಿವಾಲಯವೊಂದು ಅದೇ ಪರ್ವತದ ಬೂದಿಯ ಕೆಳಗೆ ಸುಮಾರು ಆರೂವರೆ ಮೀಟರು ಆಳದಲ್ಲಿ ಹೂತುಹೋಗಿ, ೧೯೬೬ರಲ್ಲಿ ಒಬ್ಬ ರೈತನು ನೆಲವನ್ನು ಅಗೆಯುವಾಗ ಹೊರಬಿದ್ದಿತು. ದೇವಾಲಯವನ್ನು ಕೊಟ್ಟ ಪರ್ವತವೇ ಅದನ್ನು ನುಂಗಿತು. ನುಂಗಿದ ಮೇಲೆ ಅದರ ಮೇಲೆಯೇ ಮತ್ತೆ ಹೊಲವನ್ನು ಕೊಟ್ಟಿತು. ೨೦೦೬ರ ಭೂಕಂಪದಲ್ಲಿ ಪ್ರಂಬಾನನಿನ ಶಿಖರಗಳ ಕಲ್ಲುಗಳು ಉರುಳಿದುವು. ೨೦೧೦ರಲ್ಲಿ ಮೆರಾಪಿಯು ಸಿಡಿದು ಮುನ್ನೂರೈವತ್ತಕ್ಕೂ ಹೆಚ್ಚು ಜನರು ಮಡಿದರು. ಆದರೂ ತಪ್ಪಲಿನ ಗದ್ದೆಗಳು ಪಾಳುಬೀಳಲಿಲ್ಲ.

ನೆಲವನ್ನು ಬಿಡದೆ ಮನೆಯನ್ನು ತಿದ್ದಿಕೊಂಡವರೂ ನಮ್ಮ ದೇಶದಲ್ಲಿಯೇ ಉಂಟು. ಅಸ್ಸಾಮಿನಲ್ಲಿ ೧೮೯೭ನೆಯ ಜೂನ್ ೧೨ರ ಮಹಾಕಂಪವಾದ ಮೇಲೆ ಕಲ್ಲಿನ ಭಾರವನ್ನು ತೊರೆದು, ಮರದ ಚೌಕಟ್ಟು, ಗಾರೆ ಬಳಿದ ತಟ್ಟಿ, ಹಗುರವಾದ ಸೂರುಗಳ ಮನೆಯು ರೂಢಿಗೆ ಬಂದಿತು. ಕಚ್ಛದಲ್ಲಿ ಭುಂಗಾ ಎಂಬ ದುಂಡನೆಯ ಮಣ್ಣಿನ ಮನೆಗಳಲ್ಲಿ ಬಹಳಷ್ಟು ೨೦೦೧ರ ಕಂಪದಲ್ಲಿ ನಿಂತುವು. ಕಲ್ಲಿನ ದೊಡ್ಡ ಮನೆಗಳು ಉರುಳಿದುವು. ಈ ಜನರಿಗೆ ಕಂಪದ ಅನುಭವವು ಮತ್ತೆ ಮತ್ತೆ ಬಂದುದರಿಂದ ಅವರ ಸ್ಮರಣೆಯು ಮನೆಯ ಆಕಾರದಲ್ಲಿಯೇ ನಿಂತಿತು. ತೇರಣಾ ಕಣಿವೆಯವರಿಗೆ ಆ ಅನುಭವವು ಇರಲಿಲ್ಲ. ಆದುದರಿಂದ ಅವರ ಮನೆಯು ಬಿಸಿಲನ್ನು ಮಾತ್ರ ಬಲ್ಲುದಾಯಿತು.

ನಮ್ಮ ಕನ್ನಡದ ತರುಣರೂ ಇಂದು ಉದ್ಯೋಗಕ್ಕಾಗಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ಮನೆಮಾಡಿಕೊಂಡಿರುವರು. ಆ ನಗರವು ೧೯೦೬ನೆಯ ಏಪ್ರಿಲ್ ೧೮ರ ಕಂಪದಿಂದಲೂ, ಅದರ ಹಿಂದೆ ಎದ್ದ ಬೆಂಕಿಯಿಂದಲೂ ಬಹುಪಾಲು ನಾಶವಾದುದೆಂಬುದನ್ನು ಅವರು ಬಲ್ಲರು. ಅವರ ತಂದೆತಾಯಿಗಳೂ ಬಲ್ಲರು. ಆದರೂ ಹೋಗುವರು, ಇವರು ಕಳುಹಿಸುವರು. “ಅಂತಹ ಸ್ಥಳದಲ್ಲಿ ಇರುವುದಾದರೂ ಏಕೆ?” ಎಂಬ ಪ್ರಶ್ನೆಯನ್ನು ಆ ಮನೆಗಳಲ್ಲಿ ಯಾರೂ ಕೇಳುವುದಿಲ್ಲ. ಉತ್ತರವು ಎಲ್ಲರಿಗೂ ಗೊತ್ತಿದೆ: ಕೆಲಸವು ಅಲ್ಲಿದೆ.

(೬)

ಹೀಗೆ ಸುತ್ತಿ ನಾವು ಹಾರೋಹಳ್ಳಿಗೆ ಹಿಂದಿರುಗೋಣ. ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿರುವ ಈ ಊರಿನ ಸುತ್ತಣ ರಾಗಿಯ ಹೊಲಗಳೂ ಹಿಪ್ಪುನೇರಳೆಯ ತೋಟಗಳೂ ಇದ್ದ ನೆಲದಲ್ಲಿ ಇಂದು ಕೈಗಾರಿಕಾ ಪ್ರದೇಶವು ಹರಡಿದೆ. ಕೆಲಸವನ್ನು ಅರಸಿ ದೂರದೂರದಿಂದ ಜನರು ಬರುವರು. ಅವರಲ್ಲಿ ಬಿಹಾರದವರೂ ಉಂಟು. ೧೯೩೪ನೆಯ ಜನವರಿ ೧೫ರ ಭೂಕಂಪದಲ್ಲಿ ಅವರ ನಾಡು ಹೇಗೆ ನುಚ್ಚುನೂರಾಯಿತೆಂಬುದು ಪ್ರಸಿದ್ಧವಾಗಿದೆ. ನಡುಗುವ ನೆಲದಿಂದ ಬಂದವರು ನಾವು 'ಅಚಲಾ' ಎಂದು ಕರೆದ ನೆಲಕ್ಕೆ ಬಂದಿರುವರು. ಆದರೆ ಬಂದುದು ನೆಲದ ಸ್ಥಿರತೆಯನ್ನು ನೋಡಿಯಲ್ಲ, ಕೂಲಿಯನ್ನು ನೋಡಿ. ಇವರಿಗಾಗಿ ನೆಲದ ಒಡೆಯರು ಸಾಲುಸಾಲಾಗಿ ಬಾಡಿಗೆಯ ಕೋಣೆಗಳನ್ನು ಕಟ್ಟಿಸುತ್ತಿರುವರು. ನಾನು ಕಂಡ ಹಲವು ಸಾಲುಗಳಲ್ಲಿ ತೆಳುವಾದ ಸಿಮೆಂಟಿನ ಇಟ್ಟಿಗೆಯ ಗೋಡೆಯ ಮೇಲೆ ಎರಡನೆಯ, ಮೂರನೆಯ ಅಂತಸ್ತುಗಳು ಏಳುತ್ತಿದ್ದುವು. ಕಟ್ಟಿಸುವವರನ್ನು ಕೇಳಿದರೆ ವಾಸ್ತುವನ್ನು ತೋರಿಸಿರುವೆವೆನ್ನುವರು. ಬಾಗಿಲು ಯಾವ ದಿಕ್ಕಿಗೆಂಬುದನ್ನೂ ಕೊಳವೆಬಾವಿಯು ಯಾವ ಮೂಲೆಗೆಂಬುದನ್ನೂ ಹೇಳುವರು. ಗೋಡೆಯನ್ನು ಗೋಡೆಗೆ ಬಿಗಿದು ಹಿಡಿಯುವ ಪಟ್ಟಿಯು ಪಾಯದ ಮೇಲೆಯೂ ಬಾಗಿಲಿನ ಮೇಲೆಯೂ ಸೂರಿನ ಕೆಳಗೂ ಸುತ್ತಲೂ ಇದೆಯೇ ಎಂದು ಕೇಳಿದರೆ ಉತ್ತರವಿಲ್ಲ. ಹದಿನೈದು ಶತಮಾನಗಳ ಹಿಂದೆ ಬೇರೆಬೇರೆಯಾಗಿ ಉಳಿದ ಎರಡು ಅಧ್ಯಾಯಗಳು ಇಂದಿಗೂ ಬೇರೆಬೇರೆಯಾಗಿಯೇ ಇರುವುವು.

ಹಾರೋಹಳ್ಳಿಯು ಕಿಲ್ಲಾರಿಯಾಗುವುದೆಂದು ನಾನು ಹೇಳುವುದಿಲ್ಲ; ಅಂತಹ ಭವಿಷ್ಯವನ್ನು ನುಡಿಯುವುದು ನಿಮಿತ್ತಜ್ಞರ ಕೆಲಸವು. ೨೦೦೨ರ ನಕ್ಷೆಯು ಈ ಸೀಮೆಯನ್ನು ಅತ್ಯಲ್ಪ ಭಯದ ವಲಯದಲ್ಲಿ ಇಟ್ಟಿತು, ಮತ್ತು ಆ ಎಣಿಕೆಗೆ ಸಕಾರಣಗಳುಂಟು. ಆದರೆ ಕಿಲ್ಲಾರಿಯೂ ಒಂದು ನಕ್ಷೆಯಲ್ಲಿ ಅತ್ಯಲ್ಪ ಭಯದ ವಲಯದಲ್ಲಿದ್ದಿತೆಂಬುದನ್ನು ಮರೆಯಲಾಗದು. ೧೮೪೩ನೆಯ ಏಪ್ರಿಲ್ ೧ರಂದು ಬಳ್ಳಾರಿಯ ಸೀಮೆಯಲ್ಲಿ, ೧೯೦೦ನೆಯ ಫೆಬ್ರವರಿ ೮ರಂದು ಕೊಯಮತ್ತೂರಿನ ಕಡೆ, ೧೯೬೭ನೆಯ ಡಿಸೆಂಬರ್ ೧೧ರಂದು ಕೊಯ್ನಾದಲ್ಲಿ, ಹೀಗೆ ನಮ್ಮ ಸುತ್ತಲೂ ನೆಲವು ಆಗಾಗ ತನ್ನ ಇರವನ್ನು ತೋರಿಸಿಕೊಟ್ಟಿದೆ.

ಪ್ರಬಂಧದ ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಉತ್ತರವನ್ನು ಈಗ ಸಂಗ್ರಹವಾಗಿ ಹೇಳಬಹುದು. ಜನರು ಅಪಾಯದ ನೆಲದಲ್ಲಿ ಬಾಳುವುದು ಅವಿವೇಕದಿಂದಲ್ಲ. ಬೂದಿಯು ಮಣ್ಣಾಗಿ, ಬಿರುಕು ಬಾವಿಯಾಗಿ, ಕರಗಿದ ಕಲ್ಲು ಕೆಲಸವಾಗಿ ಅವರನ್ನು ಸಾಕುವುವು. ಕೊಡುವ ಕೈಯೂ ಹೊಡೆಯುವ ಕೈಯೂ ಅನೇಕವೇಳೆ ಒಂದೇ. ಕೊಡುವುದು ದಿನದಿನವೂ, ಹೊಡೆಯುವುದು ಹತ್ತಾರು ತಲೆಮಾರುಗಳಿಗೊಮ್ಮೆ. ಆದುದರಿಂದ ನೆಲವನ್ನು ಬಿಡಿರೆಂದು ಉಪದೇಶಿಸುವುದು ವ್ಯರ್ಥ, ಮತ್ತು ಅನ್ಯಾಯ. ಮನೆಯನ್ನು ತಿದ್ದಿಕೊಳ್ಳಿರೆಂದು ಹೇಳುವುದೇ ನ್ಯಾಯವಾದ ಮಾತು. ಅದನ್ನು ಹೇಳಬೇಕಾದವರು ಎಂಜಿನಿಯರುಗಳು ಮಾತ್ರವಲ್ಲ. ವಾಸ್ತುವನ್ನು ತೋರಿಸಲು ಜನರು ಯಾರ ಮನೆಗೆ ಬರುವರೋ ಆ ನಮ್ಮಂತಹವರೂ ಹೇಳಬೇಕು. ನನ್ನನ್ನು ಮುಹೂರ್ತಕ್ಕಾಗಿ ಕೇಳಲು ಬಂದವರಿಗೆ ಈಚೆಗೆ ನಾನು ಈ ಒಂದು ಮಾತನ್ನೂ ಸೇರಿಸಿ ಹೇಳುತ್ತಿರುವೆನು. ಕೆಲವರು ನಕ್ಕರು; ಒಬ್ಬಿಬ್ಬರು ಮೇಸ್ತ್ರಿಯನ್ನು ಕರೆದು ಕೇಳಿದರು.

ಕೊನೆಯದಾಗಿ ವಿದ್ವಾಂಸರಲ್ಲಿ ಒಂದು ವಿಜ್ಞಾಪನೆ. ಯಂತ್ರಗಳಿಂದ ಕಂಪವನ್ನು ಅಳೆಯಲು ತೊಡಗಿ ಇನ್ನೂ ಒಂದೂವರೆ ಶತಮಾನವೂ ಆಗಿಲ್ಲ. ಅದಕ್ಕಿಂತ ಹಿಂದಿನದನ್ನು ತಿಳಿಯಲು ನಮ್ಮ ಶಾಸನಗಳು, ಕಡತಗಳು, ಕೈಫಿಯತ್ತುಗಳು, ದೇವಾಲಯಗಳ ಜೀರ್ಣೋದ್ಧಾರದ ಲೇಖಗಳು ಇವೇ ಆಧಾರವು. ಒಂದು ಶಿಖರವು ಯಾವ ವರ್ಷ ಬಿದ್ದಿತು, ಒಂದು ಕೆರೆಯ ಏರಿಯು ಏತರಿಂದ ಒಡೆಯಿತು, ಒಂದು ಊರು ಏಕೆ ಜಾಗವನ್ನು ಬದಲಾಯಿಸಿತು ಎಂಬ ಸಣ್ಣ ಉಲ್ಲೇಖಗಳನ್ನು ರಾಜರ ವಂಶಾವಳಿಗಾಗಿ ಓದುವಾಗ ನಾವು ದಾಟಿಹೋಗಿರುವೆವು. ಅವುಗಳನ್ನು ಮತ್ತೊಮ್ಮೆ ಓದಿ, ಭೂಕಂಪದ ಸುಳಿವು ದೊರೆತಲ್ಲಿ ಗುರುತುಹಾಕಿ, ಕಾಲದೇಶಗಳೊಡನೆ ಪ್ರಕಟಿಸಿದರೆ ಜನರ ಸ್ಮರಣೆಯು ನೂರು ವರ್ಷಗಳಿಂದ ಸಾವಿರ ವರ್ಷಗಳಿಗೆ ಉದ್ದವಾಗುವುದು. ಸ್ಮರಣೆಯು ಉದ್ದವಾದಷ್ಟೂ ಗೋಡೆಯು ಗಟ್ಟಿಯಾಗುವುದು. ಬಾವಿಯನ್ನೂ ದನಗಳನ್ನೂ ಬಿಟ್ಟು ಎಲ್ಲಿಗೂ ಹೋಗಲಾರದ ಆ ವೃದ್ಧೆಯಂತಹವರಿಗೆ ನಮ್ಮ ವಿದ್ಯೆಯಿಂದ ಆಗಬಹುದಾದ ಉಪಕಾರವು ಇಷ್ಟು.